ನಮ್ಮ ಪೈಲಟ್‌ಗಳಿಗೆ ಯಾವ ದಿನ ಬೇಕು ಅಂತ ಒಮ್ಮೆ ಕೇಳಿ

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ, ಮತ್ತು ದೇಶದ ವಿಮಾನ ಕಂಪನಿಗಳಲ್ಲಿ ಪೈಲಟ್‌ಗಳ ರೋಸ್ಟರ್ (ಡ್ಯೂಟಿ ಪಟ್ಟಿ) ಮಾಡುವ ಎಲ್ಲರಿಗೂ ಕೊಡಗಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮೂವತ್ತು ವರ್ಷ ಬಸ್ ಓಡಿಸಿದವನು. ಈಗ ನಿವೃತ್ತಿಯಾಗಿ ಭಾಗಮಂಡಲದ ಹತ್ತಿರ ಊರಲ್ಲೇ ಇದ್ದೇನೆ. ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ನನ್ನ ಮಗಳು ಪೈಲಟ್. ಮುಂಬೈ ಬೇಸ್, ಅಂದರೆ ಅವಳ ಡ್ಯೂಟಿ ಶುರುವಾಗುವುದು ಅಲ್ಲಿಂದ. ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಬಲಗಡೆಯ ಸೀಟು. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಕಂಪನಿಯ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಯಾವ ಪೈಲಟ್ ಯಾವ ದಿನ ಯಾವ ಟ್ರಿಪ್ ಹೋಗಬೇಕು, ಯಾರಿಗೆ ಹಬ್ಬಕ್ಕೆ ರಜೆ, ಯಾರಿಗೆ ಸರಿರಾತ್ರಿ ಡ್ಯೂಟಿ ಅಂತ ಹೇಗೆ ತೀರ್ಮಾನ ಮಾಡುತ್ತೀರಿ? ಇದನ್ನು ಪೈಲಟ್‌ಗಳಿಗೆ ತಿಳಿಯುವ ಹಾಗೆ, ಅವರು ಒಪ್ಪುವ ಹಾಗೆ ಮಾಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಹುತ್ತರಿಯಿಂದ ಶುರು ಮಾಡುತ್ತೇನೆ. ಕೊಡಗಿನವರಿಗೆ ಹುತ್ತರಿ ಅಂದರೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ವರ್ಷದ ಮೊದಲ ಕದಿರು ಮನೆಗೆ ಬರುವ ರಾತ್ರಿ ಅದು. ಎಲ್ಲಿದ್ದರೂ ಮಕ್ಕಳು ಮನೆಗೆ ಬರುತ್ತಾರೆ. ಕದಿರು ಕೊಯ್ಯುವ ಗಳಿಗೆಯನ್ನು ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಶ್ಚಯ ಮಾಡುತ್ತಾರೆ. ಹುಣ್ಣಿಮೆಯ ಆಸುಪಾಸು ಅಂತ ಮೊದಲೇ ಅಂದಾಜು ಇರುತ್ತದೆ. ಆದರೆ ಇಂಥ ರಾತ್ರಿ, ಇಷ್ಟು ಗಂಟೆಗೆ ಅನ್ನುವುದು ಖಚಿತವಾಗುವುದು ಹಬ್ಬ ಹತ್ತಿರ ಬಂದಾಗಲೇ.

ಮಗಳು ಎರಡು ತಿಂಗಳ ಮೊದಲೇ ರಜೆ ಕೇಳಿದ್ದಳು. ಆ ವಾರದಲ್ಲಿ ಯಾವ ಎರಡು ದಿನ ಆದರೂ ಸರಿ ಅಂತ ಬರೆದಿದ್ದಳು. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂತ ಯಾರೂ ಹೇಳಲೂ ಇಲ್ಲ. ಆ ರಾತ್ರಿ ಗದ್ದೆಯಲ್ಲಿ ಮಂಜು ಇಳಿಯುತ್ತಿತ್ತು. ನನ್ನ ತಮ್ಮನ ಮಗ ಫೋನ್ ಹಿಡಿದುಕೊಂಡಿದ್ದ. ಫೋನಿನಲ್ಲಿ ಮಗಳು. ಉತ್ತರದ ಯಾವುದೋ ಊರಿನ ಹೋಟೆಲ್ ರೂಮು, ಪರದೆ ಎಳೆದಿತ್ತು, ದೀಪ ಆರಿಸಿದ್ದಳು. ಬೆಳಗಿನ ಜಾವ ಮೂರೂವರೆಗೆ ಅವಳಿಗೆ ಗಾಡಿ ಬರುವುದಿತ್ತು. ಎಂಟು ಗಂಟೆಗೇ ಮಲಗಬೇಕಿತ್ತು. ಆದರೂ ಮಲಗಿರಲಿಲ್ಲ. ನಮ್ಮವರು ಕೋವಿ ಹಾರಿಸಿದರು. ಎಲ್ಲರೂ "ಪೊಲಿ ಪೊಲಿ" (ಬೆಳೆ ಹೆಚ್ಚಲಿ) ಅಂತ ಕೂಗಿದರು. ಅವಳೂ ಕೂಗಿದಳು, ತೀರಾ ಮೆಲ್ಲಗೆ. ಪಕ್ಕದ ರೂಮಿನಲ್ಲಿ ಕ್ಯಾಪ್ಟನ್ ಮಲಗಿದ್ದಾರೆ ಅಂದಳು. ನನ್ನ ಹೆಂಡತಿ ಕುಕ್ಕೆಯಲ್ಲಿದ್ದ ಕದಿರನ್ನು ಫೋನಿನ ಹತ್ತಿರ ಹಿಡಿದು ತೋರಿಸಿದಳು. ಆಮೇಲೆ ಯಾರಿಗೂ ತಂಬಿಟ್ಟು ಸೇರಲಿಲ್ಲ.

ಒಂದು ಹಬ್ಬಕ್ಕೆ ಇಷ್ಟು ದೊಡ್ಡ ಪತ್ರ ಬೇಕಾ ಅಂತ ನಿಮಗೆ ಅನ್ನಿಸಬಹುದು. ಡ್ಯೂಟಿ ಅಂದಮೇಲೆ ಹಬ್ಬ ತಪ್ಪುತ್ತದೆ, ಅದು ನನಗೆ ಗೊತ್ತು. ನಾನೇ ಎಷ್ಟು ಹುತ್ತರಿ ಬಸ್ಸಿನಲ್ಲಿ ಕಳೆದಿಲ್ಲ! ಕರಿಕೆ ಕಡೆ ನೈಟ್ ಔಟ್ ಶೆಡ್ಯೂಲ್ ಇರುತ್ತಿತ್ತು. ಸಂಜೆ ಕಾಡು ದಾರಿಯಲ್ಲಿ ಬಸ್ ತೆಗೆದುಕೊಂಡು ಹೋಗಿ, ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲೇ ಮಲಗಿ, ಬೆಳಿಗ್ಗೆ ಆರಕ್ಕೆ ಮೊದಲ ಟ್ರಿಪ್ ಎತ್ತಬೇಕು. ಜುಲೈ ಮಳೆಯಲ್ಲಿ ತಗಡಿನ ಮೇಲೆ ನೀರು ಬೀಳುವ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಕಾಲಿಗೆ ಜಿಗಣೆ ಹತ್ತಿರುತ್ತಿತ್ತು. ಅದಕ್ಕೆ ನಾನು ಬೇಜಾರು ಮಾಡಿಕೊಂಡವನಲ್ಲ. ಯಾರಾದರೂ ಹೋಗಲೇಬೇಕು ಅಲ್ವಾ? ಬೇಜಾರಾಗುತ್ತಿದ್ದದ್ದು ಬೇರೆ ವಿಷಯಕ್ಕೆ.

ನಾನು ಸೇರಿದಾಗ ನಮ್ಮ ಡಿಪೋದಲ್ಲಿ ಡ್ಯೂಟಿ ಚಾರ್ಟ್ ಬರೆಯುವವರು ಒಬ್ಬರಿದ್ದರು. ಅವರಿಗೆ ಬೇಕಾದವರಿಗೆ ಮೈಸೂರು, ಬೆಂಗಳೂರು ಡ್ಯೂಟಿ. ಬೇಡದವರಿಗೆ ತಿಂಗಳುಗಟ್ಟಲೆ ನೈಟ್ ಔಟ್. ಕೇಳಿದರೆ "ಚಾರ್ಟ್‌ನಲ್ಲಿ ಹಾಗೇ ಬಂದಿದೆ" ಅನ್ನುತ್ತಿದ್ದರು. ಚಾರ್ಟ್ ತಾನಾಗಿ ಬರುತ್ತದಾ? ಆಮೇಲೆ ಸೀನಿಯಾರಿಟಿ ಪ್ರಕಾರ ಡ್ಯೂಟಿ ಆರಿಸಿಕೊಳ್ಳುವ ಕ್ರಮ ಬಂತು. ಸರ್ವೀಸಿನಲ್ಲಿ ಹಿರಿಯರು ಮೊದಲು, ಕಿರಿಯರು ಕೊನೆಗೆ. ನಾನು ಆಗ ಪಟ್ಟಿಯ ಕೆಳಗಿದ್ದವನು. ನನಗೆ ಸಿಕ್ಕಿದ್ದು ಮತ್ತೆ ಅದೇ ಕರಿಕೆ! ಆದರೂ ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಯಾಕೆ ಅಂದರೆ ನನ್ನ ಮೇಲಿನ ಹೆಸರುಗಳು ಯಾವುವು, ಅವರು ಏನು ಆರಿಸಿಕೊಂಡರು ಅನ್ನುವುದು ಗೋಡೆಯ ಮೇಲೆ ಅಂಟಿಸಿತ್ತು. ಇನ್ನೆಷ್ಟು ವರ್ಷಕ್ಕೆ ನನ್ನ ಸರದಿ ಬರುತ್ತದೆ ಅಂತ ಬೆರಳು ಮಡಚಿ ಎಣಿಸಬಹುದಿತ್ತು.

ಹಾಗಾಗಿ ಅಮೆರಿಕದ ಪೈಲಟ್‌ಗಳ ಪದ್ಧತಿ ಕೇಳಿದಾಗ ನನಗೆ ಹೊಸದು ಅನ್ನಿಸಲಿಲ್ಲ. ಮಗಳ ಗೆಳತಿಯೊಬ್ಬಳು ಅಲ್ಲೇ ಹುಟ್ಟಿ ಬೆಳೆದವಳು, ಅಲ್ಲಿನ ದೊಡ್ಡ ಕಂಪನಿಯೊಂದರಲ್ಲಿ ಪೈಲಟ್. ಹೋದ ವರ್ಷ ನಮ್ಮ ಮನೆಗೆ ಬಂದಿದ್ದಳು. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಂದಿನ ತಿಂಗಳಿಗೆ ಬಿಡ್ ಹಾಕುತ್ತಿದ್ದಳು, ಅಂದರೆ ತನಗೆ ಬೇಕಾದ ಟ್ರಿಪ್, ರಜೆ ಕೇಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ನೋಡಿದೆ.

ಅಲ್ಲಿ ಕೆಲಸಕ್ಕೆ ಸೇರಿದ ದಿನವೇ ಒಂದು ನಂಬರ್ ಬೀಳುತ್ತದೆ. ಒಂದೇ ದಿನ ಸೇರಿದವರಾದರೆ ಕೆಲವು ಕಂಪನಿಗಳು ವಯಸ್ಸು ನೋಡಿ ಮೇಲೆ ಕೆಳಗೆ ಮಾಡುತ್ತವೆ. ಆಮೇಲೆ ಆ ನಂಬರ್ ಬದಲಾಗುವುದು ಮೇಲಿನವರು ನಿವೃತ್ತಿಯಾದಾಗ ಅಥವಾ ಬಿಟ್ಟು ಹೋದಾಗ ಮಾತ್ರ. ನೀವು ಎಷ್ಟು ಚೆನ್ನಾಗಿ ಹಾರಿಸುತ್ತೀರಿ, ಮೇಲಿನವರಿಗೆ ಎಷ್ಟು ಬೇಕಾದವರು ಅನ್ನುವುದು ಲೆಕ್ಕಕ್ಕಿಲ್ಲ. ಯಾವ ವಿಮಾನ, ಯಾವ ಊರು, ಕ್ಯಾಪ್ಟನ್‌ನ ಎಡ ಸೀಟಾ ಬಲ ಸೀಟಾ, ಯಾವಾಗ ರಜೆ, ಎಲ್ಲವೂ ಆ ನಂಬರ್ ಪ್ರಕಾರ.

ತಿಂಗಳ ಟ್ರಿಪ್‌ಗೆ ಪ್ರತಿಯೊಬ್ಬರೂ ತಮಗೆ ಏನು ಬೇಕು ಅಂತ ಸಾಲಾಗಿ ಬರೆದು ಹಾಕುತ್ತಾರೆ. ಈ ಹುಡುಗಿ ಬರೆದದ್ದು ಹೀಗಿತ್ತು: 14ನೇ ತಾರೀಕು ತಮ್ಮನ ಮದುವೆ, ರಜೆ ಬೇಕು. ಆಮೇಲೆ, ರಾತ್ರಿಯಿಡೀ ಹಾರುವ ಟ್ರಿಪ್ ಬೇಡ. ಆಮೇಲೆ, ಬೆಳಿಗ್ಗೆ ಹತ್ತರ ನಂತರ ಶುರುವಾಗಿ ಕೊನೆಯ ದಿನ ಸಂಜೆ ಆರರೊಳಗೆ ಮುಗಿಯುವ ಟ್ರಿಪ್ ಬೇಕು. ಅವಳ ಮನೆ ಒಂದು ಊರು, ಬೇಸ್ ಇನ್ನೊಂದು ಊರು. ಬೇಸಿಗೆ ಹೋಗಲೂ ವಿಮಾನವೇ ಹತ್ತಬೇಕು. ಬೆಳಿಗ್ಗೆ ಐದಕ್ಕೆ ಟ್ರಿಪ್ ಇದ್ದರೆ ಹಿಂದಿನ ರಾತ್ರಿಯೇ ಹೋಗಿ ಮಲಗಬೇಕು. ಆ ರಾತ್ರಿಗೆ ಸಂಬಳ ಇಲ್ಲ. ಕಂಪ್ಯೂಟರ್ ಒಂದನೇ ನಂಬರಿನಿಂದ ಶುರು ಮಾಡುತ್ತದೆ. ಅವರು ಕೇಳಿದ್ದನ್ನು ಕೊಡುತ್ತದೆ, ಎರಡನೆಯವರಿಗೆ ಹೋಗುತ್ತದೆ, ಹೀಗೆ ಕೆಳಗೆ ಇಳಿಯುತ್ತದೆ. ಕೊನೆಯವರಿಗೆ ಉಳಿಯುವುದು ಹೆಚ್ಚಾಗಿ ರಿಸರ್ವ್. ನಮ್ಮ ಡಿಪೋ ಭಾಷೆಯಲ್ಲಿ ಸ್ಪೇರ್. ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯುವುದು, ಕರೆದ ಕೂಡಲೇ ಹೊರಡುವುದು.

ಪೈಪೋಟಿ ಯಾವುದಕ್ಕೆ ಅಂತ ಕೇಳಿದೆ. ಶನಿವಾರ ಭಾನುವಾರದ ರಜೆಗೆ, ಹಬ್ಬಕ್ಕೆ, ಮತ್ತೆ ಕಡಿಮೆ ದಿನದಲ್ಲಿ ಜಾಸ್ತಿ ಗಂಟೆ ಸಿಗುವ ಟ್ರಿಪ್‌ಗೆ ಅಂದಳು. ಅವರಿಗೆ ಸಂಬಳ ಹಾರಿದ ಗಂಟೆಯ ಲೆಕ್ಕದಲ್ಲಿ. ಮೂರು ದಿನದಲ್ಲಿ ಸಿಗುವ ಗಂಟೆಯನ್ನು ಇನ್ನೊಂದು ಟ್ರಿಪ್‌ನಲ್ಲಿ ನಾಲ್ಕು ದಿನ ಅಲೆದು ಸಂಪಾದಿಸಬೇಕು. ಮಧ್ಯೆ ವಿಮಾನ ನಿಲ್ದಾಣದಲ್ಲಿ ಸುಮ್ನೆ ಕುಳಿತ ನಾಲ್ಕು ಗಂಟೆ ಬಹಳ ಸಲ ಲೆಕ್ಕಕ್ಕೇ ಬರುವುದಿಲ್ಲ.

ಅವಳು ಹೇಳಿದ ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು. ಕಂಪನಿಯ ಒಟ್ಟು ಪಟ್ಟಿಯಲ್ಲಿ ಎಷ್ಟನೆಯವಳು ಅನ್ನುವುದಕ್ಕಿಂತ ತನ್ನ ಬೇಸ್, ತನ್ನ ವಿಮಾನ, ತನ್ನ ಸೀಟಿನವರ ನಡುವೆ ಎಷ್ಟನೆಯವಳು ಅನ್ನುವುದೇ ಮುಖ್ಯವಂತೆ. ಅವಳು ಕ್ಯಾಪ್ಟನ್ ಆಗಬಹುದಿತ್ತು. ಆದರೆ ಕ್ಯಾಪ್ಟನ್‌ಗಳ ಸಾಲಿನಲ್ಲಿ ಕೊನೆಯವಳಾಗುತ್ತಾಳೆ. ಮತ್ತೆ ರಿಸರ್ವ್, ಮತ್ತೆ ಹಬ್ಬದ ದಿನ ಡ್ಯೂಟಿ. ಫಸ್ಟ್ ಆಫೀಸರ್‌ಗಳ ಸಾಲಿನಲ್ಲಿ ಈಗ ಮೇಲಿದ್ದಾಳೆ. ಮಕ್ಕಳು ಸಣ್ಣವರು, ಸ್ವಲ್ಪ ವರ್ಷ ಬಲ ಸೀಟಿನಲ್ಲೇ ಇರುತ್ತೇನೆ ಅಂದಳು. ಜಾಸ್ತಿ ಸಂಬಳ ಬೇಕಾ, ಮನೆಯಲ್ಲಿ ಜಾಸ್ತಿ ರಾತ್ರಿ ಬೇಕಾ ಅನ್ನುವುದನ್ನು ಅವಳೇ ತೂಗಿ ನೋಡಿ ತೀರ್ಮಾನ ಮಾಡಿದ್ದಾಳೆ. ನಮ್ಮ ಮಕ್ಕಳ ಕೈಗೆ ಆ ತಕ್ಕಡಿ ಬಂದೇ ಇಲ್ಲ.

ಆ ಪದ್ಧತಿಯಲ್ಲಿ ಕಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಇಪ್ಪತ್ತು ವರ್ಷದ ಅನುಭವ ಇದ್ದರೂ ಕೊನೆಯ ನಂಬರ್. 2007ರಲ್ಲಿ ಅಲ್ಲಿ ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದರು. ಮೇಲಿನವರು ಇದ್ದಲ್ಲೇ ಉಳಿದರು, ಕೆಳಗಿನವರು ಕಾಯುತ್ತಾ ಕುಳಿತರು. ಕ್ರಿಸ್‌ಮಸ್ ಅಂತೂ ಕಿರಿಯರ ಪಾಲಿಗೆ ವರ್ಷಗಟ್ಟಲೆ ಇಲ್ಲ. 2017ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಕಂಪ್ಯೂಟರ್ ತಪ್ಪಿನಿಂದ ಡಿಸೆಂಬರ್ ಕೊನೆಯ ಟ್ರಿಪ್‌ಗಳನ್ನು ಪೈಲಟ್‌ಗಳು ಬಿಟ್ಟುಬಿಡಲು ಸಾಧ್ಯವಾಯಿತು. ಸಾವಿರಾರು ವಿಮಾನಗಳಿಗೆ ಪೈಲಟ್ ಇಲ್ಲದ ಹಾಗಾಯಿತು. ಒಂದೂವರೆ ಪಟ್ಟು ಸಂಬಳ ಕೊಡುತ್ತೇವೆ ಬನ್ನಿ ಅಂತ ಕಂಪನಿ ಕರೆಯಬೇಕಾಯಿತು. ಹಬ್ಬದ ದಿನ ಮನೆಯಲ್ಲಿರುವ ಆಸೆ ಎಷ್ಟು ದೊಡ್ಡದು ಅಂತ ಇದರಲ್ಲೇ ಗೊತ್ತಾಗುತ್ತದೆ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಬಹಳ ಕಡೆ ರೋಸ್ಟರ್ ಮಾಡಿ ಕೊಡುವುದು ಕಂಪನಿಯೇ. ಬೇಕಾದ ದಿನ ಕೇಳಿಕೊಳ್ಳಬಹುದು, ಸಿಕ್ಕಿದರೆ ಸಿಕ್ಕಿತು. ನನ್ನ ಮಗಳ ಅನುಭವ ಅಷ್ಟೇ. ಕೇಳಿದ್ದು ಯಾರಿಗೆ ಹೋಯಿತು, ಯಾವ ಲೆಕ್ಕದಲ್ಲಿ ಹೋಯಿತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಅನುಮಾನ ಬೆಳೆಯುತ್ತದೆ. ನಮ್ಮ ಡಿಪೋದಲ್ಲಿ ಅದು ಹೇಗೆ ಬೆಳೆಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರಿಗೊಬ್ಬರು ಮಾತು ಬಿಟ್ಟ ಡ್ರೈವರ್, ಕಂಡಕ್ಟರ್ ಒಂದೇ ಬಸ್ಸಿನಲ್ಲಿ ಎಂಟು ಗಂಟೆ ಹೋಗುತ್ತಿದ್ದರು. ವಿಮಾನದ ಕಾಕ್‌ಪಿಟ್‌ನಲ್ಲಿ ಹಾಗಾಗಬಾರದು.

ಸರದಿ ಯಾವುದು ಅಂತ ಎಲ್ಲರೂ ಒಪ್ಪದಿದ್ದರೆ ಏನಾಗುತ್ತದೆ ಅಂತ ನಮ್ಮ ದೇಶವೂ ನೋಡಿದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಗೆ ಎರಡೂ ಕಡೆಯ ಪೈಲಟ್‌ಗಳಲ್ಲಿ ಯಾರು ಮೊದಲು ಹೋಗಬೇಕು ಅನ್ನುವ ಜಗಳ 2012ರಲ್ಲಿ ಮುಷ್ಕರಕ್ಕೆ ತಿರುಗಿತು. ಅದು ಮುಗಿಯಲು 58 ದಿನ ಬೇಕಾಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಅಮೆರಿಕದಲ್ಲಿ ಸೀನಿಯಾರಿಟಿ ಕಿರಿಯರಿಗೆ ಅಷ್ಟು ಕಠಿಣ ಆಗುವುದು ಎಲ್ಲರೂ ಒಂದೇ ದಿನ ಕೇಳುವುದರಿಂದ. ಎಲ್ಲರಿಗೂ ಕ್ರಿಸ್‌ಮಸ್ ಬೇಕು, ಎಲ್ಲರಿಗೂ ಥ್ಯಾಂಕ್ಸ್‌ಗಿವಿಂಗ್ ಬೇಕು. ನಮ್ಮಲ್ಲಿ ಹಾಗಿಲ್ಲ. ನನ್ನ ಮಗಳಿಗೆ ಹುತ್ತರಿ ಬೇಕು. ಅವಳ ಜೊತೆ ಹಾರುವ ಬಿಹಾರದ ಹುಡುಗನಿಗೆ ಛಠ್ ಬೇಕು. ಕೇರಳದವರಿಗೆ ಓಣಂ, ಬಂಗಾಳದವರಿಗೆ ದುರ್ಗಾ ಪೂಜೆ, ಪಂಜಾಬಿನವರಿಗೆ ಗುರುಪುರಬ್. ಕೆಲವರಿಗೆ ಈದ್, ಕೆಲವರಿಗೆ ಕ್ರಿಸ್‌ಮಸ್. ಇನ್ನು ಕೆಲವರಿಗೆ ಹಬ್ಬವೇ ಬೇಡ, ಮಗುವಿನ ಹುಟ್ಟುಹಬ್ಬದ ದಿನ ಸಿಕ್ಕರೆ ಸಾಕು. ದೀಪಾವಳಿಗೆ ನೂಕುನುಗ್ಗಲು ಇರುತ್ತದೆ, ಒಪ್ಪುತ್ತೇನೆ. ಆದರೆ ಹುತ್ತರಿ ಯಾವ ದಿನ ಅಂತ ಕೊಡಗಿನ ಹೊರಗೆ ಯಾರಿಗೆ ಗೊತ್ತು? ಆ ರಾತ್ರಿ ರಜೆ ಬೇಕು ಅನ್ನುವವರು ಇಡೀ ಕಂಪನಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಇರಬಹುದು. ಸರಿಯಾಗಿ ಕೇಳಿ, ಸರಿಯಾಗಿ ಸಾಲು ಮಾಡಿದರೆ ಕೊನೆಯ ನಂಬರಿನವಳಿಗೂ ಆ ದಿನ ಸಿಗುತ್ತದೆ.

ಇದು ಬರೀ ಆಸೆಯ ಮಾತಲ್ಲ. ನಮ್ಮ ಡಿಪೋದಲ್ಲಿ ನಾವೇ ಮಾಡಿ ನೋಡಿದ್ದು. ಅಲ್ಲಿ ಅರ್ಧಕ್ಕರ್ಧ ಹುಡುಗರು ವಿಜಯಪುರ, ಬಾಗಲಕೋಟೆ ಕಡೆಯವರು. ಅವರಿಗೆ ಎಳ್ಳ ಅಮಾವಾಸ್ಯೆ ಬೇಕು, ಊರ ಜಾತ್ರೆ ಬೇಕು. ವಿರಾಜಪೇಟೆ ಕಡೆಯ ಒಬ್ಬರಿಗೆ ಕ್ರಿಸ್‌ಮಸ್ ಬೇಕು. ಒಂದು ವರ್ಷ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರ್ ಒಬ್ಬರು ನೋಟ್‌ಬುಕ್ಕಿನ ಒಂದು ಹಾಳೆಗೆ ಗೆರೆ ಎಳೆದು, ಸಿಬ್ಬಂದಿ ರೂಮಿನ ಮೊಳೆಗೆ ದಾರ ಕಟ್ಟಿ ತೂಗುಹಾಕಿದರು. ಪ್ರತಿಯೊಬ್ಬರೂ ತಮಗೆ ತೀರಾ ಬೇಕಾದ ಒಂದು ದಿನ ಬರೆಯಬೇಕು, ಒಂದೇ. ಹದಿನೈದು ದಿನದಲ್ಲಿ ಹಾಳೆ ತುಂಬಿತು. ನೋಡಿದರೆ ಮುಕ್ಕಾಲು ಪಾಲು ದಿನಗಳಿಗೆ ಜಗಳವೇ ಇಲ್ಲ! ಹುತ್ತರಿಗೆ ಮಾತ್ರ ನಾವು ಊರಿನವರು ಜಾಸ್ತಿ ಇದ್ದೆವು. ಅದನ್ನು ವರ್ಷ ಬಿಟ್ಟು ವರ್ಷ ಹಂಚಿಕೊಂಡೆವು. ಆ ವರ್ಷ ಕರಿಕೆ ನೈಟ್ ಔಟ್‌ಗೆ ನನ್ನ ಬದಲು ಹೋದವನು ಬಾಗಲಕೋಟೆಯ ಹುಡುಗ. ಎಳ್ಳ ಅಮಾವಾಸ್ಯೆಗೆ ಅವನು ಊರಿಗೆ ಹೋದಾಗ ಅವನ ಡ್ಯೂಟಿಗೆ ನಾನು ಹೋದೆ. ವಾಪಸ್ ಬಂದಾಗ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ತಂದುಕೊಟ್ಟ.

ಸಾವಿರಾರು ಪೈಲಟ್‌ಗಳಿಗೆ ನೋಟ್‌ಬುಕ್ಕಿನ ಹಾಳೆ ಸಾಲದು, ಗೊತ್ತು. ಆದರೆ ಈ ಬಿಡ್ ಲೆಕ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳು ಹೊಸದಲ್ಲ. ಹೊರದೇಶಗಳಲ್ಲಿ ಎಷ್ಟೋ ವರ್ಷದಿಂದ ನಡೆಯುತ್ತಿವೆ.

ಹಬ್ಬದಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ರಾತ್ರಿ ಡ್ಯೂಟಿ. ಇಲ್ಲಿ ಬರೀ ಸೀನಿಯಾರಿಟಿ ಸಾಲದು ಅಂತ ನನಗೆ ಅನ್ನಿಸುತ್ತದೆ.

2010ರ ಮೇ 22, ಶನಿವಾರ. ನಾನು ಮಂಗಳೂರು ಡ್ಯೂಟಿಯಲ್ಲಿದ್ದೆ. ಸಂಪಾಜೆ ಘಾಟಿ ಇಳಿದು ಸುಳ್ಯದಲ್ಲಿ ಬಸ್ ನಿಲ್ಲಿಸಿದಾಗ ಹೋಟೆಲಿನ ಟಿವಿ ಮುಂದೆ ಜನ ಗುಂಪುಗೂಡಿದ್ದರು. ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದಿತ್ತು. 158 ಜನ ಹೋದರು, ಉಳಿದವರು ಎಂಟೇ ಜನ. ಬಸ್ಸಿನಲ್ಲಿದ್ದ ಒಬ್ಬ ಹೆಂಗಸು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅವರ ಭಾವ ಆ ವಿಮಾನದಲ್ಲಿದ್ದರಂತೆ.

ಆಮೇಲೆ ತನಿಖೆಯ ವರದಿ ಬಂತು. ಕಾಕ್‌ಪಿಟ್ ರೆಕಾರ್ಡಿಂಗಿನ ಮೊದಲ ಒಂದು ಗಂಟೆ ನಲವತ್ತು ನಿಮಿಷ ಪೈಲಟ್‌ಗಳ ನಡುವೆ ಮಾತಿಲ್ಲ, ಕ್ಯಾಪ್ಟನ್ ನಿದ್ದೆ ಮಾಡುತ್ತಿದ್ದ ಉಸಿರಿನ ಸದ್ದು. ಇಳಿಯುವ ಹೊತ್ತಿಗೆ ಬಲ ಸೀಟಿನ ಫಸ್ಟ್ ಆಫೀಸರ್ ಮೂರು ಸಲ "ಗೋ ಅರೌಂಡ್" ಅಂದಿದ್ದರು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ. ಕ್ಯಾಪ್ಟನ್ ಕೇಳಲಿಲ್ಲ. ಹೋದವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಬೆಳಗಿನ ಜಾವ ಎರಡರಿಂದ ಆರರವರೆಗೆ ಮನುಷ್ಯನ ಮೈ ನಿದ್ದೆಯನ್ನೇ ಕೇಳುತ್ತದೆ. ಇದು ವಿಮಾನದ ಪುಸ್ತಕಗಳಲ್ಲಿದೆ, ರಾತ್ರಿ ಬಸ್ ಓಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಶಾಲನಗರ ದಾಟಿದ ಮೇಲೆ ಆನೆಕಾಡಿನ ನೇರ ರಸ್ತೆಯಲ್ಲಿ ನಾಲ್ಕು ಗಂಟೆಗೆ ನನಗೆ ಎಷ್ಟೋ ಸಲ ಕಣ್ಣು ಮುಚ್ಚಿ ಹೋಗಿದೆ. ಕಂಡಕ್ಟರ್ ಭುಜ ಅಲುಗಾಡಿಸಿ ಎಬ್ಬಿಸಿದ್ದಾರೆ.

ನನ್ನ ಮಗಳು ಈಗ ಕೂರುವುದು ಅದೇ ಬಲ ಸೀಟಿನಲ್ಲಿ.

ಬರೀ ಸೀನಿಯಾರಿಟಿ ಇಟ್ಟರೆ ರಾತ್ರಿಗಳೆಲ್ಲ ಹರಿದು ಕೆಳಗೆ ಬರುತ್ತವೆ. ಅನುಭವ ಕಡಿಮೆ ಇರುವವರಿಗೇ ನಿದ್ದೆಗೆಟ್ಟ ಕೆಲಸ ಜಾಸ್ತಿ ಬೀಳುತ್ತದೆ. ಆದ್ದರಿಂದ ತಿಂಗಳಿಗೆ ಒಬ್ಬರಿಗೆ ಎಷ್ಟು ರಾತ್ರಿ ಅನ್ನುವುದಕ್ಕೆ ಎಲ್ಲ ನಂಬರಿನವರಿಗೂ ಒಂದೇ ಮಿತಿ ಇರಲಿ. ಆ ಮಿತಿಯ ಒಳಗೆ ಯಾವ ರಾತ್ರಿ, ಯಾವ ಊರು ಅಂತ ಹಿರಿಯರು ಮೊದಲು ಆರಿಸಿಕೊಳ್ಳಲಿ. ಹಿರಿಯರಿಗೆ ನಾನು ಅಗೌರವ ತೋರಿಸುತ್ತಿಲ್ಲ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಇವತ್ತಿಗೂ ಹಿರಿಯರ ಕಾಲಿಗೆ ಬಿದ್ದೇ ಮುಂದಿನ ಕೆಲಸ. ಆದರೆ ಹುತ್ತರಿ ರಾತ್ರಿ ಗದ್ದೆಯಿಂದ ಬಂದಮೇಲೆ ಮೊದಲು ಊಟಕ್ಕೆ ಕೂರಿಸುವುದು ಮಕ್ಕಳನ್ನು.

ನೀವು ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಹೊಸ ನಿಯಮ ತಂದಿರಿ. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯಿತು. ರಾತ್ರಿ ಅಂದರೆ ಬೆಳಿಗ್ಗೆ ಐದರವರೆಗೆ ಅಂತ ಇದ್ದದ್ದು ಆರರವರೆಗೆ ಆಯಿತು. ಒಬ್ಬ ಪೈಲಟ್ ರಾತ್ರಿ ಡ್ಯೂಟಿಯಲ್ಲಿ ಎಷ್ಟು ಸಲ ವಿಮಾನ ಇಳಿಸಬಹುದು ಅನ್ನುವುದು ಆರರಿಂದ ಎರಡಕ್ಕೆ ಇಳಿಯಿತು. ಇದಕ್ಕೆ ತಂದೆಯಾಗಿ ನಿಮಗೆ ಕೈಮುಗಿಯುತ್ತೇನೆ. ಆದರೆ 2025ರ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾಗಿ ಜನ ನಿಲ್ದಾಣದಲ್ಲಿ ನೆಲದ ಮೇಲೆ ಮಲಗಿದಾಗ, ಮೊದಲು ಸಡಿಲ ಆದದ್ದು ಇದೇ ನಿಯಮ. ನಿಯಮ ಬರುತ್ತದೆ ಅಂತ ಸುಮಾರು ಎರಡು ವರ್ಷ ಮೊದಲೇ ಗೊತ್ತಿತ್ತು. ಬೇಕಾದಷ್ಟು ಪೈಲಟ್ ಇಟ್ಟುಕೊಳ್ಳದ ತಪ್ಪಿಗೆ ಪೈಲಟ್‌ಗಳ ನಿದ್ದೆಯಿಂದ ದಂಡ ಕಟ್ಟಿಸಿದ್ದು ಸರಿಯಲ್ಲ.

ಮಹಾನಿರ್ದೇಶಕರೇ, ಗಂಟೆ, ವಿಶ್ರಾಂತಿ ಎಲ್ಲಕ್ಕೂ ನಿಮ್ಮಲ್ಲಿ ನಿಯಮ ಇದೆ. ಒಂದನ್ನು ಸೇರಿಸಿ. ರೋಸ್ಟರ್ ಯಾವ ಲೆಕ್ಕದಲ್ಲಿ ಮಾಡುತ್ತೇವೆ ಅಂತ ಪ್ರತಿ ಕಂಪನಿಯೂ ತನ್ನ ಪೈಲಟ್‌ಗಳಿಗೆ ಬರೆದು ತಿಳಿಸಬೇಕು. ಪಟ್ಟಿ ಎಲ್ಲರಿಗೂ ಕಾಣಬೇಕು. ಕೇಳಿದ ದಿನ ಸಿಗದಿದ್ದರೆ ಅದು ಯಾವ ನಂಬರಿನವರಿಗೆ ಹೋಯಿತು ಅಂತ ಗೊತ್ತಾಗಬೇಕು. ಹೆಸರು ಬೇಡ, ನಂಬರ್ ಸಾಕು. ವರ್ಷಕ್ಕೆ ಒಂದು ದಿನ, ಅವರವರೇ ಆರಿಸಿಕೊಂಡ ದಿನ, ಯಾವ ನಂಬರಿನವರಿಂದಲೂ ಕಿತ್ತುಕೊಳ್ಳಬಾರದು. ಇಬ್ಬರು ಪೈಲಟ್‌ಗಳು ಒಪ್ಪಿ ಟ್ರಿಪ್ ಬದಲಾಯಿಸಿಕೊಂಡರೆ, ವಿಶ್ರಾಂತಿಯ ನಿಯಮ ಮುರಿಯದಿದ್ದರೆ, ಅದಕ್ಕೆ ಅಡ್ಡಿ ಬೇಡ.

ರೋಸ್ಟರ್ ಮಾಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮಗೂ ನಿದ್ದೆ ಇಲ್ಲ ಅಂತ ಮಗಳು ಹೇಳಿದ್ದಾಳೆ. ಮಂಜು ಬಿದ್ದು ದೆಹಲಿಯಲ್ಲಿ ವಿಮಾನ ನಿಂತರೆ ರಾತ್ರಿಯಿಡೀ ಫೋನ್ ಹಿಡಿದುಕೊಂಡು ಇರುವವರು ನೀವೇ ಅಂತೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿ ಬಹಿರಂಗ ಆದರೆ ನಿಮಗೂ ಬೈಗುಳ ಕಡಿಮೆಯಾಗುತ್ತದೆ. ನಮ್ಮ ಡಿಪೋದಲ್ಲಿ ಆಮೇಲೆ ಚಾರ್ಟ್ ಬರೆಯಲು ಬಂದವರನ್ನು ಅವರ ನಿವೃತ್ತಿಯ ದಿನ ಡ್ರೈವರ್‌ಗಳೆಲ್ಲ ಸೇರಿ ಮನೆಯವರೆಗೆ ಬಿಟ್ಟು ಬಂದರು.

ಇಲ್ಲಿ ನಾಟಿ ಮುಗಿದಿದೆ. ಈ ಸಲ ಮಳೆ ಚೆನ್ನಾಗಿದೆ, ಪೈರು ಹಸಿರಾಗಿ ನಿಂತಿದೆ. ಹುತ್ತರಿಗೆ ಇನ್ನೂ ತಿಂಗಳುಗಳಿವೆ. ಮಗಳು ಈ ಸಲವೂ ಹುಣ್ಣಿಮೆ ನೋಡಿಕೊಂಡು ಮೂರು ದಿನ ಬರೆದು ಹಾಕಿದ್ದಾಳೆ. ಮೂರರಲ್ಲಿ ಒಂದು ಸಿಕ್ಕರೂ ಮುಂಬೈನಿಂದ ಕಣ್ಣೂರಿಗೆ ಬಂದು, ಮಾಕುಟ್ಟ ಘಾಟಿ ಹತ್ತಿ ರಾತ್ರಿಯೊಳಗೆ ಮನೆ ಸೇರುತ್ತೇನೆ ಅಂದಿದ್ದಾಳೆ. ಅವಳನ್ನು ಕರೆದುಕೊಂಡು ಬರಲು ಗಾಡಿ ತೆಗೆದುಕೊಂಡು ನಾನೇ ಹೋಗುತ್ತೇನೆ.

ಇಂತಿ,
ನಿವೃತ್ತ ಬಸ್ ಡ್ರೈವರ್, ಪೈಲಟ್ ಒಬ್ಬಳ ಅಪ್ಪ
ಭಾಗಮಂಡಲ ಹತ್ತಿರ, ಕೊಡಗು